ಗಾಜಿನ ತೊಟ್ಟಿಯ ಹೊಸ ಫ್ಯಾಷನ್: ಬೆಲೆ ತೆರುವುದು ಯಾವ ಹೊಳೆ?

ಕಾಸರಗೋಡು: ಮನೆಯ ಚಾವಡಿಯಲ್ಲಿ ಮೀನಿನ ತೊಟ್ಟಿ ಇಡುವ ಹವ್ಯಾಸ ನಮ್ಮ ಊರುಗಳಿಗೆ ಹೊಸತೇನಲ್ಲ. ಗಲ್ಫ್‌ನಿಂದ ಬಂದವರ ಹೊಸ ಮನೆಗಳಲ್ಲಿ, ಹಲ್ಲಿನ ಡಾಕ್ಟರರ ಕ್ಲಿನಿಕ್ಕುಗಳಲ್ಲಿ, ಚಿನ್ನದಂಗಡಿಗಳಲ್ಲಿ ಅದು ಬಹುಕಾಲದಿಂದ ಇದೆ. ನೀಲಿ ಬಣ್ಣ ಬಳಿದ ಜಲ್ಲಿ, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಗುಳ್ಳೆ ಬಿಡುವ ಗೊಂಬೆ, ನಾಲ್ಕು ಗೋಲ್ಡ್ ಫಿಶ್ ಇದ್ದರೆ ಅಕ್ವೇರಿಯಂ ಆಯಿತು ಎಂಬ ಕಾಲವೊಂದಿತ್ತು. ಆ ಕಾಲ ಈಗ ಮುಗಿಯುತ್ತಾ ಬಂದಿದೆ. ಇಂದಿನ ಹವ್ಯಾಸಿಯ ತೊಟ್ಟಿಯಲ್ಲಿ ಜೀವಂತ ಗಿಡಗಳಿವೆ, ಹಾವಸೆ ಹೊದ್ದ ಕೊರಡು ಇದೆ, ಲೆಕ್ಕ ಹಾಕಿ ಜೋಡಿಸಿದ ಕಲ್ಲುಗಳಿವೆ. ಮೀನು ಅಲ್ಲಿ ಇಡೀ ದೃಶ್ಯದ ಒಂದು ಭಾಗ ಮಾತ್ರ.

ಇದು ಬರೀ ಅಲಂಕಾರದ ವಿಷಯ, ಇದರಲ್ಲಿ ವಿಶ್ಲೇಷಣೆ ಮಾಡುವುದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಗಾಜಿನ ತೊಟ್ಟಿಯ ವಿನ್ಯಾಸ ಬದಲಾದಂತೆಲ್ಲ ಪೇಟೆಯಲ್ಲಿ ಬೇಡಿಕೆಯಿರುವ ಮೀನೂ ಗಿಡವೂ ಬದಲಾಗುತ್ತವೆ. ಆ ಮೀನು, ಆ ಗಿಡ ಎಲ್ಲಿಂದಲೋ ಬರಬೇಕು. ಹಾಗೆ ಬರುವ ಜಾಗಗಳಲ್ಲಿ ನಮ್ಮ ಚಂದ್ರಗಿರಿ ಹೊಳೆಯೂ ಒಂದು ಎಂಬುದು ಜಿಲ್ಲೆಯ ಎಷ್ಟೋ ಜನರಿಗೆ ಗೊತ್ತಿಲ್ಲ. ಆದ್ದರಿಂದ ಈ ಫ್ಯಾಷನ್ನಿನ ಹಾದಿಯನ್ನು ಒಮ್ಮೆ ಅವಲೋಕಿಸುವುದು ಒಳ್ಳೆಯದು.

ಡಚ್ಚರ ತೋಟ, ಜಪಾನಿನ ಕಲ್ಲು

ಗಿಡಗಳ ಅಕ್ವೇರಿಯಂಗೆ ಒಂದು ಶಿಸ್ತು ತಂದುಕೊಟ್ಟವರು ನೆದರ್ಲೆಂಡ್ಸಿನ ಹವ್ಯಾಸಿಗಳು. 1930ರ ದಶಕದಿಂದ ಬೆಳೆದುಬಂದ ಈ ಡಚ್ ಶೈಲಿಯಲ್ಲಿ ತೊಟ್ಟಿಯೆಂದರೆ ಒಂದು ಹೂದೋಟ. ಕೆಂಪು ಎಲೆಯ ಗಿಡದ ಪಕ್ಕ ಹಸಿರು ಎಲೆಯದು, ಅಗಲ ಎಲೆಯ ಪಕ್ಕ ನವಿರು ಎಲೆಯದು, ಹಿಂದಕ್ಕೆ ಹೋದಂತೆ ಎತ್ತರವಾಗುವ ಸಾಲುಗಳು. ಕಲ್ಲು, ಕೊರಡುಗಳಿಗೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ. ತೀರ್ಪುಗಾರರು ಮನೆ ಮನೆಗೆ ಬಂದು ಅಂಕ ಕೊಡುವ ಪದ್ಧತಿಯೂ ಅಲ್ಲಿ ಬೆಳೆಯಿತು.

ಇದನ್ನು ಬುಡಮೇಲು ಮಾಡಿದವರು ಜಪಾನಿನ ತಕಾಶಿ ಅಮಾನೊ. 1954ರಲ್ಲಿ ನಿಗಾಟಾದಲ್ಲಿ ಹುಟ್ಟಿದ ಅವರು ಮೊದಲು ಸೈಕಲ್ ಸ್ಪರ್ಧಿ, ಆಮೇಲೆ ಕಾಡುಗಳ ಛಾಯಾಗ್ರಾಹಕ. 1982ರಲ್ಲಿ ಅಕ್ವಾ ಡಿಸೈನ್ ಅಮಾನೊ ಎಂಬ ಸಂಸ್ಥೆ ಕಟ್ಟಿದರು. ತೊಟ್ಟಿಯನ್ನು ತೋಟದಂತೆ ಕಾಣದೆ ಬೆಟ್ಟ, ಬಯಲು, ಕಾಡಿನ ಒಂದು ತುಣುಕಿನಂತೆ ಕಾಣಬೇಕೆಂಬುದು ಅವರ ವಾದ. ಇದಕ್ಕೆ 'ನೇಚರ್ ಅಕ್ವೇರಿಯಂ' ಎಂಬ ಹೆಸರು ಬಂತು. ಜಪಾನಿನ ಉದ್ಯಾನ ಕಲೆಯಿಂದ ಬಂದ 'ಇವಾಗುಮಿ' ಎಂಬ ಕಲ್ಲು ಜೋಡಣೆಯ ಕ್ರಮವನ್ನೂ ಅವರು ನೀರಿನೊಳಗೆ ಇಳಿಸಿದರು. ಅದರಲ್ಲಿ ಕಲ್ಲುಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರಬೇಕು. ಯಜಮಾನ ಕಲ್ಲು ಒಂದು, ಅದಕ್ಕೆ ಒತ್ತಾಸೆಯಾಗಿ ಉಳಿದವು, ಸುತ್ತ ಹುಲ್ಲಿನಂತೆ ಹಬ್ಬುವ ಗಿಡ, ಮೇಲೆ ಒಂದೇ ಜಾತಿಯ ಮೀನಿನ ಹಿಂಡು.

2001ರಿಂದ ಅಮಾನೊ ಅವರ ಸಂಸ್ಥೆ ಅಂತಾರಾಷ್ಟ್ರೀಯ ಸ್ಪರ್ಧೆಯೊಂದನ್ನು ಆರಂಭಿಸಿತು. ಛಾಯಾಚಿತ್ರ ಕಳಿಸಿದರೆ ಸಾಕು, ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಭಾಗವಹಿಸಬಹುದು. 2015ರಲ್ಲಿ ಲಿಸ್ಬನ್ ನಗರದ ಸಾಗರ ಮ್ಯೂಸಿಯಂನಲ್ಲಿ 40 ಮೀಟರ್ ಉದ್ದದ, 1 ಲಕ್ಷ 60 ಸಾವಿರ ಲೀಟರ್ ನೀರಿನ 'ನೀರಡಿಯ ಕಾಡು'ಗಳನ್ನು ರೂಪಿಸಿದ್ದು ಅಮಾನೊ ಅವರ ಕೊನೆಯ ದೊಡ್ಡ ಕೆಲಸ. ಅದೇ ವರ್ಷ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಪಾಚಿ ತಿನ್ನಲು ಅವರು ಬಳಕೆಗೆ ತಂದ ಪುಟ್ಟ ಸಿಗಡಿಗೆ ಇಂದಿಗೂ ಅಂಗಡಿಗಳಲ್ಲಿ 'ಅಮಾನೊ ಸಿಗಡಿ' ಎಂದೇ ಹೆಸರು.

ಈಗಿನ ಒಲವುಗಳು

ಅಮಾನೊ ನಂತರದ ವರ್ಷಗಳಲ್ಲಿ ವಿನ್ಯಾಸ ಹಲವು ಕವಲುಗಳಾಗಿ ಒಡೆದಿದೆ.

ಮೊದಲನೆಯದು 'ಡಯೊರಮಾ' ಶೈಲಿ. ಇದರಲ್ಲಿ ನೀರಿನೊಳಗೆ ಹಿಮಾಲಯದ ಕಣಿವೆ, ಕಾಡಿನ ಕಾಲುದಾರಿ, ಮರಳಿನ ಜಲಪಾತ ಎಲ್ಲವೂ ಮೂಡುತ್ತವೆ. ಸಣ್ಣ ಸಣ್ಣ ಕೊಂಬೆಗಳನ್ನು ಅಂಟಿನಿಂದ ಜೋಡಿಸಿ ಅದಕ್ಕೆ ಹಾವಸೆ ಕಟ್ಟಿದರೆ ದೊಡ್ಡ ಮರವಾಗುತ್ತದೆ. ಸ್ಪರ್ಧೆಗಳ ಮೇಲಿನ ಸ್ಥಾನಗಳಲ್ಲಿ ಹಲವು ವರ್ಷ ಇಂಥವೇ ಮೆರೆದವು. ಇದಕ್ಕೆ ಟೀಕೆಯೂ ಇದೆ. ಫೋಟೊ ತೆಗೆಯುವ ದಿನಕ್ಕೆಂದೇ ತಿಂಗಳುಗಟ್ಟಲೆ ಬೆಳೆಸಿ, ಫೋಟೊ ಮುಗಿದ ಮೇಲೆ ಕಿತ್ತುಹಾಕುವ ತೊಟ್ಟಿಯಲ್ಲಿ ಮೀನಿನ ಪಾಡೇನು ಎಂಬುದು ಟೀಕಾಕಾರರ ಪ್ರಶ್ನೆ. ನೀರೊಳಗೆ ಮರ, ದಾರಿ, ಬೆಟ್ಟ ಇದ್ದರೆ ಮೀನು ಆಕಾಶದಲ್ಲಿ ಹಾರಿದಂತೆ ಕಾಣುತ್ತದೆ ಎಂಬುದೂ ನಿಜವೇ.

ಎರಡನೆಯದು ಇದಕ್ಕೆ ತದ್ವಿರುದ್ಧವಾದ 'ಬಯೋಟೋಪ್'. ಒಂದು ನಿರ್ದಿಷ್ಟ ಹೊಳೆಯ ಒಂದು ನಿರ್ದಿಷ್ಟ ಜಾಗವನ್ನು ಇದ್ದ ಹಾಗೆಯೇ ತೊಟ್ಟಿಯಲ್ಲಿ ತೋರಿಸುವುದು ಇದರ ಗುರಿ. ಆ ಜಾಗದ ಮೀನು, ಅಲ್ಲಿಯದೇ ಗಿಡ, ಅಲ್ಲಿನಂಥದೇ ಕಲ್ಲು, ಎಲೆ. ಇದಕ್ಕೇ ಪ್ರತ್ಯೇಕವಾದ ಅಂತಾರಾಷ್ಟ್ರೀಯ ಸ್ಪರ್ಧೆಗಳೂ ನಡೆಯುತ್ತವೆ. ಒಣಗಿದ ಎಲೆ, ಕಾಯಿ, ಬೀಜಕೋಶ ಹಾಕಿ ನೀರನ್ನು ಕರಿ ಚಹಾದಂತೆ ಮಾಡುವ 'ಕಪ್ಪುನೀರಿನ' ತೊಟ್ಟಿ ಇದರದೇ ತಮ್ಮ. ನಮ್ಮ ಕರಾವಳಿಯ ಅಂಗಳಗಳಲ್ಲಿ ಉದುರಿ ಬೀಳುವ ಕಾಡುಬಾದಾಮಿಯ ಎಲೆ ಇದಕ್ಕೆ ಬಹಳ ಬೇಕಾದ ವಸ್ತು. ಇಲ್ಲಿ ಗುಡಿಸಿ ಬೆಂಕಿ ಹಾಕುವ ಎಲೆಯನ್ನು ಹೊರಗಿನವರು ಪ್ಯಾಕೆಟ್ಟಿನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಮೂರನೆಯದು ಕಡಿಮೆ ಖರ್ಚಿನ ದಾರಿ. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸಾಮಾನ್ಯ ಮಣ್ಣು, ಸ್ವಲ್ಪ ಬೆಳಕು, ತುಂಬ ಗಿಡ, ಕೆಲವೇ ಮೀನು ಇದ್ದರೆ ತೊಟ್ಟಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ವಾದಿಸಿದರು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರ, ಮಣ್ಣಿನಲ್ಲಿ ಕೊಳೆಯುವುದರಿಂದ ಗಿಡಕ್ಕೆ ಇಂಗಾಲ. ಇದರ ಎದುರು ಸಿಲಿಂಡರ್‌ನಿಂದ ಇಂಗಾಲದ ಡೈ ಆಕ್ಸೈಡ್ ಹಾಯಿಸುವ ದುಬಾರಿ ಪದ್ಧತಿಯಿದೆ. ಅದರಲ್ಲಿ ಲೀಟರಿಗೆ ಸುಮಾರು 20ರಿಂದ 30 ಮಿಲಿಗ್ರಾಂ ಅನಿಲ ಇರುವಂತೆ ನೋಡಿಕೊಳ್ಳುತ್ತಾರೆ. ಅದು ಮಿತಿಮೀರಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಬೆಳಕಿಲ್ಲದ ಹೊತ್ತು ಗಿಡಗಳೂ ಆಮ್ಲಜನಕವನ್ನೇ ಉಸಿರಾಡುವುದರಿಂದ ರಾತ್ರಿ ಅದನ್ನು ನಿಲ್ಲಿಸಬೇಕು. ಇದೆಲ್ಲ ತಲೆನೋವು ಬೇಡವೆನ್ನುವವರು ಮಣ್ಣಿನ ತೊಟ್ಟಿಯತ್ತ ಹೊರಳುತ್ತಿದ್ದಾರೆ. ಬೇಸಿಗೆಯಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟುವ ನಮ್ಮ ಊರುಗಳಿಗೆ, ವಿದ್ಯುತ್ ಕಡಿತದ ಕಾಟ ಇರುವಲ್ಲಿ, ಈ ದಾರಿಯೇ ಹೆಚ್ಚು ಒಪ್ಪುತ್ತದೆ.

ಇವುಗಳ ಜತೆಗೆ 20 ಲೀಟರಿಗೂ ಕಡಿಮೆ ನೀರಿನ 'ನ್ಯಾನೊ' ತೊಟ್ಟಿಗಳು, ಅರ್ಧ ನೀರು ಅರ್ಧ ನೆಲ ಇರುವ 'ಪಾಲುಡೇರಿಯಂ'ಗಳು ಬಂದಿವೆ. ಟ್ಯೂಬ್‌ಲೈಟಿನ ಜಾಗಕ್ಕೆ ಎಲ್‌ಇಡಿ ಬಂದದ್ದರಿಂದ ಇವೆಲ್ಲ ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಗಿವೆ.

ಸಣ್ಣ ಮೀನಿಗೆ ದೊಡ್ಡ ಬೇಡಿಕೆ

ವಿನ್ಯಾಸಕ್ಕೂ ಹೊಳೆಗೂ ಇರುವ ಸಂಬಂಧ ಇಲ್ಲಿಂದ ಶುರುವಾಗುತ್ತದೆ. ಅರ್ಧ ಅಡಿಯ ಕಲ್ಲು ಬೆಟ್ಟದಂತೆ ಕಾಣಬೇಕಾದರೆ ಅದರ ಮುಂದೆ ಈಜುವ ಮೀನು ಬಹಳ ಸಣ್ಣದಿರಬೇಕು. ಗೋಲ್ಡ್ ಫಿಶ್ ಬಿಟ್ಟರೆ ಬೆಟ್ಟ ಮತ್ತೆ ಕಲ್ಲಾಗುತ್ತದೆ, ಗಿಡವನ್ನೂ ಅದು ತಿಂದು ಮುಗಿಸುತ್ತದೆ. ಹೀಗಾಗಿ ಹಿಂಡಾಗಿ ಈಜುವ, ಗಿಡ ತಿನ್ನದ, ಒಂದೇ ಅಳತೆಯ ಕಾಡು ಮೀನುಗಳಿಗೆ ಬೇಡಿಕೆ ಬಂತು. ಒಂದೆರಡು ಸಾಲದು, ಒಂದು ತೊಟ್ಟಿಗೆ 20, 50, 100 ಬೇಕು.

ಈ ಬೇಡಿಕೆ ಎಷ್ಟು ವೇಗವಾಗಿ ಹರಿಯುತ್ತದೆ ಎಂಬುದಕ್ಕೆ ಮ್ಯಾನ್ಮಾರ್ (ಬರ್ಮಾ) ದೇಶದ ಪುಟ್ಟ ಮೀನೊಂದು ಸಾಕ್ಷಿ. ಮೈಮೇಲೆ ಮುತ್ತು ಚೆಲ್ಲಿದಂತೆ ಚುಕ್ಕೆಗಳಿರುವ ಇದು 2006ರಲ್ಲಿ 'ಗ್ಯಾಲಕ್ಸಿ ರಾಸ್‌ಬೋರಾ' ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ವಿಜ್ಞಾನಿಗಳು ಅದಕ್ಕೆ ಶಾಸ್ತ್ರೀಯ ಹೆಸರಿಟ್ಟದ್ದು 2007ರಲ್ಲಿ. ಅಂದರೆ ಹೆಸರಿಡುವ ಮೊದಲೇ ಅದು ಮಾರಾಟವಾಗುತ್ತಿತ್ತು. ಮೂಲ ಜಾಗದಲ್ಲಿ ಮೀನು ಬರಿದಾಗುತ್ತಿದೆಯೆಂಬ ಕೂಗೂ ಬೇಗನೆ ಎದ್ದಿತು. ಪುಣ್ಯಕ್ಕೆ ಬೇರೆ ಕೊಳಗಳಲ್ಲೂ ಅದು ಸಿಕ್ಕಿತು, ತೊಟ್ಟಿಯಲ್ಲಿ ಸುಲಭವಾಗಿ ಮರಿಯನ್ನೂ ಮಾಡಿತು. ಎಲ್ಲ ಮೀನಿಗೂ ಈ ಅದೃಷ್ಟ ಇರುವುದಿಲ್ಲ.

ಚಂದ್ರಗಿರಿಯ ಸುಂದರಿ

ನಮ್ಮದೇ ಉದಾಹರಣೆಗೆ ಬರೋಣ. ಬೆಳ್ಳಿ ಮೈ, ಮೂತಿಯಿಂದ ಬಾಲದತ್ತ ಓಡುವ ಕಪ್ಪು ಪಟ್ಟೆ, ಅದರ ಮೇಲೆ ಕಣ್ಣು ಕುಕ್ಕುವ ಕೆಂಪು ಗೆರೆ. ಮಲಯಾಳದಲ್ಲಿ ಚೆಂಕಣಿಯಾನ್ ಎನ್ನುತ್ತಾರೆ, ಜಗತ್ತಿನ ಪೇಟೆಯಲ್ಲಿ 'ಮಿಸ್ ಕೇರಳ' ಅಥವಾ ಡೆನಿಸನ್ ಬಾರ್ಬ್. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ವರ್ಣಿಸಿ, ಆಗಿನ ಮದರಾಸು ಗವರ್ನರ್ ಆಗಿದ್ದ ವಿಲಿಯಂ ಡೆನಿಸನ್ ಹೆಸರನ್ನು ಇಟ್ಟರು. 2013ರಲ್ಲಿ ವಿಜ್ಞಾನಿಗಳು ಇದನ್ನು 'ಸಹ್ಯಾದ್ರಿಯಾ' ಎಂಬ ಹೊಸ ಕುಲಕ್ಕೆ ಸೇರಿಸಿದರು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಮೀನು ಸಹಜವಾಗಿ ಇಲ್ಲ. ಕೇರಳದಲ್ಲಿ ಚಂದ್ರಗಿರಿ, ಕಾರ್ಯಂಕೋಡು, ವಳಪಟ್ಟಣಂ, ಚಾಲಿಯಾರ್ ಮುಂತಾದ ಕೆಲವೇ ಹೊಳೆಗಳಲ್ಲಿ ಇದೆ. ಅಂದರೆ ಕೊಡಗಿನ ಕಡೆಯಿಂದ ಇಳಿದು ಸುಳ್ಯ ದಾಟಿ ಅಡೂರಿನತ್ತ ಬರುವ ಪಯಸ್ವಿನಿಯ ನೀರಿನ ಜಾಲವೇ ಇದರ ತವರು.

ಹಸಿರು ಗಿಡಗಳ ಹಿನ್ನೆಲೆಯಲ್ಲಿ ಕೆಂಪು ಗೆರೆಯ ಮೀನಿನ ಹಿಂಡು ಹರಿದಾಡುವುದಕ್ಕಿಂತ ಬೇರೆ ಅಲಂಕಾರ ಬೇಕೆ? 1990ರ ದಶಕದ ಮಧ್ಯಭಾಗದಿಂದ ರಫ್ತು ಏರತೊಡಗಿತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2005ರಿಂದ 2012ರ ನಡುವೆ ಭಾರತದಿಂದ ಅಪಾಯದಂಚಿನ 30 ಜಾತಿಗಳ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ಹೊರದೇಶಕ್ಕೆ ಹೋಗಿವೆ. ಅದರಲ್ಲಿ 3 ಲಕ್ಷಕ್ಕೂ ಹೆಚ್ಚು ಈ ಕೆಂಪು ಗೆರೆಯ ಮೀನು ಮತ್ತು ಚಾಲಕ್ಕುಡಿ ಹೊಳೆಯ ಅದರ ಸಮೀಪ ಬಂಧುವಿನವು. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇದು ಅಳಿವಿನಂಚಿನ ಜಾತಿ ಎಂದು ದಾಖಲಾಗಿದೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ವಂಶವಾಹಿ ಪರೀಕ್ಷೆಗಳ ಪ್ರಕಾರ ಬೇರೆ ಬೇರೆ ಹೊಳೆಗಳ ಈ ಮೀನುಗಳಲ್ಲಿ ಒಂದಕ್ಕಿಂತ ಹೆಚ್ಚು ವಂಶಕವಲುಗಳಿವೆ. ಒಂದು ಹೊಳೆಯಲ್ಲಿ ಮುಗಿದರೆ ಇನ್ನೊಂದರಿಂದ ತಂದು ಬಿಟ್ಟರಾಯಿತು ಎನ್ನುವ ಹಾಗಿಲ್ಲ.

ಸರಕಾರ ಕೈಕಟ್ಟಿ ಕುಳಿತಿತ್ತೆಂದು ಹೇಳಲಾಗದು. 2008ರಲ್ಲಿ ಕೇರಳ ಮೀನುಗಾರಿಕಾ ಇಲಾಖೆ ಜೂನ್, ಜುಲೈ ಮತ್ತು ಅಕ್ಟೋಬರ್ ತಿಂಗಳಲ್ಲಿ ಇದನ್ನು ಹಿಡಿಯುವುದನ್ನು ನಿರ್ಬಂಧಿಸಿತು. ಆದರೆ ಆಮೇಲಿನ ಅಧ್ಯಯನಗಳು ಈ ಮೀನು ಮುಖ್ಯವಾಗಿ ಮೊಟ್ಟೆಯಿಡುವುದು ಅಕ್ಟೋಬರಿನಿಂದ ಮಾರ್ಚಿನವರೆಗೆ ಎಂದು ತೋರಿಸಿದವು. ಮಳೆಗಾಲದಲ್ಲಿ ಹೇಗೂ ಹೊಳೆಗಿಳಿಯುವುದು ಕಷ್ಟ. ಬಾಗಿಲು ಹಾಕಬೇಕಾದ ಹೊತ್ತಿನಲ್ಲಿ ತೆರೆದಿಟ್ಟು, ತೆರೆಯಲಾಗದ ಹೊತ್ತಿನಲ್ಲಿ ಬೀಗ ಹಾಕಿದಂತಾಯಿತು. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯ ಸಂದರ್ಭದಲ್ಲಿ ಇದನ್ನು ಅತ್ಯಂತ ಬಿಗಿಯಾದ ಮೊದಲ ಅನುಸೂಚಿಗೆ ಸೇರಿಸುವ ವಿಚಾರ ಬಂದಾಗ ರಫ್ತು ವಲಯದಿಂದ ವಿರೋಧ ಬಂತು, ಕೊನೆಗೆ ಮೊದಲ ಅನುಸೂಚಿಯಿಂದ ಅದು ಹೊರಗುಳಿಯಿತು.

ಹಿಡಿಯುವುದೇ ತಪ್ಪೇ?

ಹಾಗಾದರೆ ಹೊಳೆಯ ಮೀನು ಹಿಡಿಯುವುದನ್ನೇ ನಿಲ್ಲಿಸಿಬಿಟ್ಟರೆ ಆಯಿತಲ್ಲ ಎಂಬುದು ಸುಲಭದ ಉತ್ತರ. ಆದರೆ ವಿಷಯ ಅಷ್ಟು ಸರಳವಾಗಿಲ್ಲ. ಬ್ರೆಜಿಲ್ ದೇಶದ ರಿಯೊ ನೆಗ್ರೊ ನದಿಯ ದಂಡೆಯಲ್ಲಿ ಬಾರ್ಸೆಲೋಸ್ ಎಂಬ ಊರಿದೆ. ಅಲ್ಲಿನ ಜನ ತಲೆಮಾರುಗಳಿಂದ ಕಾರ್ಡಿನಲ್ ಟೆಟ್ರಾ ಎಂಬ ಕೆಂಪು ನೀಲಿ ಮೀನನ್ನು ಕೈಬಲೆಯಲ್ಲಿ ಹಿಡಿದು ಬದುಕಿದವರು. ಪ್ರವಾಹ ಇಳಿದಾಗ ಹೊಂಡಗಳಲ್ಲಿ ಸಿಕ್ಕಿ ಹೇಗೂ ಸಾಯಲಿದ್ದ ಮೀನುಗಳೇ ಬಹಳಷ್ಟು. ಮೀನಿನಿಂದ ದುಡ್ಡು ಬರುವವರೆಗೆ ಅಲ್ಲಿನವರಿಗೆ ಕಾಡು ಕಡಿಯುವ, ಚಿನ್ನ ತೋಡುವ ಅಗತ್ಯವಿರಲಿಲ್ಲ. ಮೀನು ಕೊಂಡರೆ ಮರ ಉಳಿಯುತ್ತದೆ ಎಂಬುದು ಅಲ್ಲಿನ 'ಪಿಯಾಬಾ' ಯೋಜನೆಯ ತಿರುಳು. ಬೇರೆ ದೇಶಗಳ ಸಾಕಣೆ ಕೇಂದ್ರಗಳಿಂದ ಅಗ್ಗದ ಟೆಟ್ರಾ ಬಂದಾಗ ಪೆಟ್ಟು ಬಿದ್ದದ್ದು ಈ ಬಡವರ ಹೊಟ್ಟೆಗೆ, ಅದರ ಮೂಲಕ ಕಾಡಿಗೆ.

ನಮ್ಮ ಕೆಂಪು ಗೆರೆಯ ಮೀನಿನ ಕಥೆಯೂ ಅದೇ ತಿರುವಿನಲ್ಲಿದೆ. ಕೊಚ್ಚಿ ಬಳಿಯ ಪನಂಗಾಡಿನ ಮೀನುಗಾರಿಕಾ ಕಾಲೇಜಿನ ತಜ್ಞರು ಇದನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದರಲ್ಲಿ ಯಶಸ್ವಿಯಾದರು. ಅಷ್ಟರಲ್ಲಿ ಇಂಡೊನೇಷ್ಯಾ ಮುಂತಾದ ಆಗ್ನೇಯ ಏಷ್ಯಾದ ಸಾಕಣೆದಾರರೂ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸತೊಡಗಿದರು. ಹೊಳೆಯ ಮೇಲಿನ ಒತ್ತಡ ತಗ್ಗುವುದು ಒಳ್ಳೆಯದೇ. ಆದರೆ ಚಂದ್ರಗಿರಿಯ ಮೀನಿನಿಂದ ಚಂದ್ರಗಿರಿಯ ದಂಡೆಯವನಿಗೆ ಏನೂ ಸಿಗದಿದ್ದರೆ, ಮರಳು ತೆಗೆಯುವ ಲಾರಿ ಬಂದಾಗ, ಯಾರೋ ತೋಟೆ ಹಾಕಿ ಮೀನು ಹಿಡಿದಾಗ, ಹೊಳೆಯ ಪರ ನಿಲ್ಲುವವರು ಯಾರು? ಮೀನಿಗೆ ಬಲೆಗಿಂತ ದೊಡ್ಡ ಶತ್ರು ಬತ್ತಿದ ಹೊಳೆ ಮತ್ತು ಕೆಟ್ಟ ನೀರು ಎಂಬುದನ್ನು ಮರೆಯಬಾರದು.

ಜನ ಮನಸ್ಸು ಮಾಡಿದರೆ ಮೀನು ಉಳಿಯುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಸುಳ್ಯ ತಾಲೂಕಿನ ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನು ಎಂಬ ಒಂದೇ ನಂಬಿಕೆ ಬೇಲಿಯಂತೆ ಕೆಲಸ ಮಾಡಿದೆ.

ಜಿಲ್ಲೆಯ ಹೂವಿಗೆ ಥಾಯ್ಲೆಂಡಿನ ಪಾಠ

ಗಿಡಗಳ ವಿಷಯದಲ್ಲೂ ಇದೇ ಮಾತು. ಜಗತ್ತಿನ ತೊಟ್ಟಿಗಳನ್ನು ತುಂಬಿರುವ ಗಿಡಗಳಲ್ಲಿ ನಮ್ಮ ಕೆರೆ, ಗದ್ದೆ, ತೋಡುಗಳ ಗಿಡಗಳ ಪಾಲು ದೊಡ್ಡದು. ರೋಟಾಲ, ಹೈಗ್ರೊಫಿಲ, ಲಿಮ್ನೊಫಿಲ, ವ್ಯಾಲಿಸ್ನೇರಿಯ ಇವೆಲ್ಲ ಭಾರತದಲ್ಲಿ ಸಹಜವಾಗಿ ಬೆಳೆಯುವ ಜಾತಿಗಳಿರುವ ಕುಲಗಳು. ಘಟ್ಟದ ತೊರೆಗಳ ಲ್ಯಾಗೆನಾಂಡ್ರಕ್ಕೆ ಈಗ ಒಳ್ಳೆಯ ಬೆಲೆ. ನಮ್ಮವರು ಕಳೆ ಎಂದು ಕಿತ್ತೆಸೆಯುವುದನ್ನು ಅಲ್ಲಿ ಎಣಿಸಿ ಮಾರುತ್ತಾರೆ.

2023ರಲ್ಲಿ ಕಾಸರಗೋಡು ಜಿಲ್ಲೆ ತನ್ನದೇ ಮರ, ಹೂವು, ಹಕ್ಕಿ, ಪ್ರಾಣಿಯನ್ನು ಘೋಷಿಸಿತು. ದೇಶದಲ್ಲೇ ಇದು ಮೊದಲು. ಆ ಹೂವು ಪೆರಿಯ ಪೊಲತ್ತಾಳಿ, ಶಾಸ್ತ್ರೀಯವಾಗಿ ಕ್ರೈನಮ್ ಮಲಬಾರಿಕಂ. ಪೆರಿಯದ ಮುರಕಲ್ಲಿನ ಪ್ರದೇಶದಲ್ಲಿ, ಮಳೆಗಾಲದಲ್ಲಿ ಹರಿಯುವ ತೋಡಿನಲ್ಲಿ ಎಲೆ ನೀರಡಿಯಲ್ಲಿಟ್ಟು ಬಿಳಿ ಹೂ ಮೇಲೆತ್ತುವ ಗಡ್ಡೆಯ ಗಿಡ ಇದು. 2012ರಲ್ಲಷ್ಟೇ ವಿಜ್ಞಾನಿಗಳು ಇದನ್ನು ಹೊಸ ಜಾತಿಯೆಂದು ಪ್ರಕಟಿಸಿದರು. ಇದು ಬೆಳೆಯುವ ಜಾಗ ತೀರಾ ಸೀಮಿತ.

ಇದರ ಥಾಯ್ಲೆಂಡಿನ ಸೋದರಿ ಕ್ರೈನಮ್ ಥಾಯಾನಂ. ಉದ್ದನೆಯ ರಿಬ್ಬನ್ನಿನಂಥ ಎಲೆಗಳಿಂದಾಗಿ 'ನೀರುಳ್ಳಿ ಗಿಡ' ಎಂಬರ್ಥದ ಹೆಸರಿನಲ್ಲಿ ಅದು ದಶಕಗಳಿಂದ ಅಕ್ವೇರಿಯಂ ಪೇಟೆಯಲ್ಲಿದೆ. ದಕ್ಷಿಣ ಥಾಯ್ಲೆಂಡಿನ ಕೆಲವೇ ಹೊಳೆಗಳಲ್ಲಿ ಮಾತ್ರ ಬೆಳೆಯುವ ಅದು, ಒಂದು ಕಡೆ ಗಡ್ಡೆ ಕೀಳುವವರಿಂದ, ಇನ್ನೊಂದು ಕಡೆ ಹೊಳೆಯ ಹೂಳೆತ್ತುವ ಕಾಮಗಾರಿಯಿಂದ ಅಳಿವಿನಂಚಿಗೆ ಬಂದಿದೆ. ನಮ್ಮ ಜಿಲ್ಲೆಯ ಹೂವಿಗೆ ಆ ಗತಿ ಬರುವ ಮೊದಲೇ ಪಾಠ ಕಲಿಯಲು ಅವಕಾಶವಿದೆ. ಕೆಂಪುಕಲ್ಲಿನ ಕೋರೆಗಾಗಿ ಪದವುಗಳನ್ನು ಅಗೆಯುವಾಗ, ತೋಡಿಗೆ ಕಾಂಕ್ರೀಟ್ ಹಾಕುವಾಗ, ಘೋಷಣೆಯ ಕಾಗದ ಯಾರಿಗಾದರೂ ನೆನಪಾಗಬೇಕು.

ಒಂದು ಸಮಾಧಾನದ ಸಂಗತಿಯೆಂದರೆ ಗಿಡಗಳ ವ್ಯಾಪಾರ ಈಗ ಅಂಗಾಂಶ ಕೃಷಿಯತ್ತ ವಾಲುತ್ತಿದೆ. ಬಾಳೆಯ ಸಸಿ ಮಾಡುವ ಹಾಗೆಯೇ ಪ್ರಯೋಗಾಲಯದಲ್ಲಿ ಒಂದು ತುಣುಕಿನಿಂದ ಸಾವಿರಾರು ಗಿಡ ಮಾಡಿ ಪುಟ್ಟ ಡಬ್ಬಿಯಲ್ಲಿ ಮಾರುತ್ತಾರೆ. ಬಸವನಹುಳು, ಪಾಚಿಯ ಕಾಟವೂ ಇಲ್ಲ, ಕಾಡಿನಿಂದ ಕೀಳುವ ಅಗತ್ಯವೂ ಇಲ್ಲ.

ತೊಟ್ಟಿಯಿಂದ ತೋಡಿಗೆ

ಹೊಳೆಯಿಂದ ತೊಟ್ಟಿಗೆ ಹೋಗುವುದು ಒಂದು ಸಮಸ್ಯೆಯಾದರೆ ತೊಟ್ಟಿಯಿಂದ ಹೊಳೆಗೆ ಬರುವುದು ಇನ್ನೂ ದೊಡ್ಡದು. 2020ರ ನವೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಬಳಿಯ ಆವಳ ಪಾಂಡಿ ಎಂಬಲ್ಲಿ ತೋಡೆಲ್ಲ ಗುಲಾಬಿ ಹೂವಿನಿಂದ ತುಂಬಿತು. ನೋಡಲು ಜನ ಜಾತ್ರೆಯಂತೆ ಬಂದರು, ಫೋಟೊ ತೆಗೆದರು, ಕೆಲವರು ಗಿಡವನ್ನೂ ಕಿತ್ತೊಯ್ದರು. ಅದು ಕಬೊಂಬ ಫರ್ಕೇಟ, ದಕ್ಷಿಣ ಅಮೆರಿಕದ ಗಿಡ, ಅಕ್ವೇರಿಯಂ ಅಂಗಡಿಗಳ ಹಳೆಯ ಸರಕು. ಒಂದು ತುಂಡು ಬಿದ್ದರೆ ಸಾಕು, ತೋಡು ತುಂಬಿಕೊಳ್ಳುತ್ತದೆ. ನೀರಿನ ಓಟ ನಿಲ್ಲುತ್ತದೆ, ಅಡಿಗೆ ಬೆಳಕು ಹೋಗುವುದಿಲ್ಲ, ನಾಡಗಿಡಗಳು ಸಾಯುತ್ತವೆ.

ಮೀನಿನ ವಿಷಯದಲ್ಲಿ ಗಾಜು ತೊಳೆಯುತ್ತದೆಂದು ಕೊಳ್ಳುವ ಸಕ್ಕರ್ ಮೀನು ಕುಖ್ಯಾತ. ಅಂಗಡಿಯಲ್ಲಿ ಬೆರಳುದ್ದ, ಬೆಳೆದರೆ ಒಂದು ಅಡಿ ದಾಟುತ್ತದೆ. ಸಾಕಲಾರದೆ ಕೆರೆಗೆ ಬಿಡುತ್ತಾರೆ. ಕೇರಳದ ಹಲವು ನೀರಿನ ನೆಲೆಗಳಲ್ಲಿ ಅದೀಗ ಬೇರೂರಿದೆ. 2018ರ ಮಹಾಪ್ರವಾಹದ ಬಳಿಕ ಮಧ್ಯ ಕೇರಳದ ಹೊಳೆಗಳಲ್ಲಿ ಅಮೆಜಾನಿನ ಅರಪೈಮ, ಅಮೆರಿಕದ ಅಲಿಗೇಟರ್ ಗಾರ್ ಮೀನುಗಳು ಬಲೆಗೆ ಬಿದ್ದವು.

ಇದು ಏಕಮುಖ ಸಂಚಾರವಲ್ಲ. ನಮ್ಮ ಕೆರೆಗಳ ಹೈಡ್ರಿಲ್ಲ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲೋರಿಡಾ ಸೇರಿ ಅಲ್ಲಿನ ಕಾಲುವೆಗಳನ್ನು ಕಟ್ಟಿಹಾಕಿತು. ನಮ್ಮ ನಾಡಿನ ಹೈಗ್ರೊಫಿಲದ ಒಂದು ಜಾತಿ ಅಮೆರಿಕದಲ್ಲಿ ನಿಷೇಧಿತ ಕಳೆಗಳ ಪಟ್ಟಿಯಲ್ಲಿದೆ. ಒಂದು ಊರಿನ ಹೂವು ಇನ್ನೊಂದು ಊರಿಗೆ ಮಾರಿಯಾಗುವುದು ಹೀಗೆ.

ಏನು ಮಾಡಬಹುದು?

ಮೊದಲನೆಯದಾಗಿ, ಕಾನೂನಿನ ಅಸ್ತ್ರ ಪಂಚಾಯತುಗಳ ಕೈಯಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರಬೇಕು. ತಮ್ಮ ವ್ಯಾಪ್ತಿಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರವೂ ಅವುಗಳಿಗಿದೆ. ಹೊಳೆಯಿಂದ ಮೀನು ಹೋಗುವುದೇ ಆದರೆ ಅದರ ಲೆಕ್ಕ ಪಂಚಾಯತಿನಲ್ಲಿರಲಿ, ಪಾಲು ಊರಿಗೆ ಬರಲಿ.

ಎರಡನೆಯದು, ಸಾಕಣೆ ಹೊಳೆಯ ತವರಿನಲ್ಲೇ ನಡೆಯಬೇಕು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯಂಗಳದ ಅಲಂಕಾರಿಕ ಮೀನಿನ ಘಟಕಗಳಿಗೂ ಸಹಾಯಧನದ ಅವಕಾಶ ಕಲ್ಪಿಸಲಾಗಿತ್ತು. ಮುರಕಲ್ಲಿನ ನಾಡಿನ ನಮ್ಮ ಬಾವಿ ನೀರು ಮೆದು, ತುಸು ಹುಳಿಗುಣದ್ದು. ಹೊರಗಿನ ಹವ್ಯಾಸಿಗಳು ಯಂತ್ರವಿಟ್ಟು ಶೋಧಿಸಿ ಪಡೆಯುವಂಥ ನೀರು ನಮಗೆ ಹಗ್ಗ ಎಳೆದರೆ ಸಿಗುತ್ತದೆ. ಅಡಿಕೆಗೆ ಹಳದಿರೋಗ, ಎಲೆಚುಕ್ಕಿ ಬಂದು ಕಂಗಾಲಾಗಿರುವ ಸಣ್ಣ ಕೃಷಿಕರಿಗೆ ಒಂದೆರಡು ಸಿಮೆಂಟ್ ಟ್ಯಾಂಕಿನ ಸಾಕಣೆ ಪೂರಕ ಆದಾಯವಾದೀತು. ಅದನ್ನೇ ನಂಬಿ ಅಡಿಕೆ ಕಡಿಯಿರಿ ಎಂದು ಯಾರೂ ಹೇಳುವುದಿಲ್ಲ.

ಮೂರನೆಯದು, ಭಾಷೆಯ ಪ್ರಶ್ನೆ. ಚಂದ್ರಗಿರಿಯ ಉತ್ತರ ದಂಡೆಯ ಊರುಗಳಲ್ಲಿ ಕನ್ನಡ, ತುಳು, ಹವ್ಯಕ ಕನ್ನಡ ಆಡುವವರು ಬಹಳ. ಯಾವ ತಿಂಗಳು ಯಾವ ಮೀನು ಹಿಡಿಯಬಾರದು, ಯಾವ ಗಿಡ ಕೆರೆಗೆ ಹಾಕಬಾರದು ಎಂಬ ಸೂಚನೆ ಕನ್ನಡದಲ್ಲಿ ಬಾರದಿದ್ದರೆ ನಿಯಮ ಮೀರಿದವನನ್ನು ದೂರಿ ಫಲವೇನು? ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂಬ ಮಾನ್ಯತೆ ಚುನಾವಣೆಯ ಮತಪತ್ರಕ್ಕೆ ಮಾತ್ರ ಸೀಮಿತವಾಗಬಾರದು. ಹೊಳೆ ಎರಡು ರಾಜ್ಯಗಳಲ್ಲಿ ಹರಿಯುವುದರಿಂದ ನಿರ್ಬಂಧದ ತಿಂಗಳುಗಳೂ ಎರಡೂ ಕಡೆ ಒಂದೇ ಆಗಿರಬೇಕು. ಜಾಲ್ಸೂರಿನ ಆಚೆ ಹಿಡಿಯಬಹುದು, ಈಚೆ ಹಿಡಿಯಬಾರದು ಎಂದರೆ ಮೀನಿಗೆ ಗಡಿ ಗೊತ್ತಿಲ್ಲ.

ನಾಲ್ಕನೆಯದು, ತೊಟ್ಟಿ ಇಡುವವರ ಹೊಣೆ. ಕೊಳ್ಳುವಾಗ ಇದು ಹೊಳೆಯದೋ ಸಾಕಿದ್ದೋ ಎಂದು ಕೇಳಬೇಕು. ಗಿಡ ಕತ್ತರಿಸಿದ ತುಂಡನ್ನು ತೋಡಿಗೆ ಎಸೆಯದೆ ಬಿಸಿಲಲ್ಲಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಬೇಕು. ಸಾಕಲಾರದ ಮೀನನ್ನು ಅಂಗಡಿಗೆ ಮರಳಿಸಬೇಕು. ಡೆನಿಸನ್ ಬಾರ್ಬ್ ಓಡುವ ನೀರಿನ ಮೀನು, ಹಿಂಡಿನಲ್ಲಿ ಬದುಕುವಂಥದ್ದು, ಗೇಣುದ್ದಕ್ಕೆ ಹತ್ತಿರ ಬೆಳೆಯುತ್ತದೆ. ಎರಡು ಅಡಿಯ ತೊಟ್ಟಿ ಅದಕ್ಕೆ ಸೆರೆಮನೆ.

ಬಯೋಟೋಪ್ ಶೈಲಿ ಇಂದು ಜಗತ್ತಿನಲ್ಲಿ ಗೌರವ ಪಡೆಯುತ್ತಿರುವುದು ನಮಗೆ ಒಳ್ಳೆಯ ಸೂಚನೆ. ಹೊಳೆಯನ್ನು ಇದ್ದ ಹಾಗೆ ತೋರಿಸಲು ಹೊರಟವನು ಮೊದಲು ಹೊಳೆಯನ್ನು ನೋಡಬೇಕಾಗುತ್ತದೆ. ನಮ್ಮ ಶಾಲೆಗಳಲ್ಲಿ ಪ್ಲಾಸ್ಟಿಕ್ ಗಿಡದ ತೊಟ್ಟಿಯ ಬದಲು, ಸಾಕಿ ಬೆಳೆಸಿದ ನಾಡ ಮೀನು, ಶಾಲೆಯ ಹಿಂದಿನ ತೋಡಿನ ಕಲ್ಲು, ಅಂಗಳದ ಬಾದಾಮಿ ಎಲೆ ಇರುವ ಒಂದು 'ಪಯಸ್ವಿನಿ ತೊಟ್ಟಿ' ಇಟ್ಟರೆ ಹೇಗೆ? ಅದಕ್ಕೆ ತಗಲುವ ಖರ್ಚು ಕಡಿಮೆ. ತಮ್ಮ ಊರಿನ ಹೊಳೆಯಲ್ಲಿ ಏನಿದೆ ಎಂದು ತಿಳಿದ ಮಕ್ಕಳು, ನಾಳೆ ಅದು ಇಲ್ಲವಾದಾಗ ಕೇಳುವವರಾದರೂ ಆಗುತ್ತಾರೆ. ಜಿಲ್ಲಾಡಳಿತ, ಮೀನುಗಾರಿಕಾ ಇಲಾಖೆ ಮತ್ತು ಹೊಳೆದಂಡೆಯ ಪಂಚಾಯತುಗಳು ಮುಂದಿನ ಅಕ್ಟೋಬರ್ ಬರುವ ಮೊದಲೇ ಒಂದೆಡೆ ಕುಳಿತು ಈ ಬಗ್ಗೆ ತೀರ್ಮಾನಿಸಲಿ ಎಂಬುದು ಹೊಳೆಯ ಹಿತ ಬಯಸುವವರ ನಿರೀಕ್ಷೆ.